ದೊರೆಸಾನಿಯ ಕಿಟಕಿ ಹಲಗೆ

"ಇಷ್ಟು ಎತ್ತರದಲ್ಲಿ ಹಲಗೆ ಹೊಡೆಸಿ ಏನಿಡ್ತೀರಾ ಮೇಡಂ?" ಬಡಗಿ ಗೋಡೆಯನ್ನು ತಟ್ಟಿ ನೋಡುತ್ತಾ ಕೇಳಿದ.

"ಏನೂ ಇಡಲ್ಲ. ಅವಳು ಕೂತ್ಕೊಳ್ತಾಳೆ."

ಬಡಗಿಯ ಕೈ ಗೋಡೆಯ ಮೇಲೆಯೇ ನಿಂತಿತು. ಮಾಸ್ಕಿನ ಮೇಲಿಂದ ಎರಡು ಕಣ್ಣುಗಳು ಮನೆಯಾಕೆಯನ್ನೊಮ್ಮೆ, ಹಲಗೆ ಬರಬೇಕಾದ ಜಾಗವನ್ನೊಮ್ಮೆ ನೋಡಿದವು.

"ಯಾರು?"

"ದೊರೆಸಾನಿ. ಒಳಗೆ ಮಲಗಿದಾಳೆ. ದಿನಾ ಇದೇ ನೆಲದ ಮೇಲೆ ಓಡಾಡಿ ಬೇಜಾರಾಗಿದೆ ಪಾಪ. ಮೇಲೆ ಹತ್ತಿ ಕೂತ್ರೆ ಮನಸ್ಸಿಗೆ ಹಗುರ ಆಗುತ್ತೆ."

"ತೂಕ ಎಷ್ಟಿರಬಹುದು?" ಬಹಳ ಮರ್ಯಾದೆಯಿಂದ ಕೇಳಿದ.

"ತೂಕ ಕಮ್ಮಿ, ಕೊಬ್ಬು ಜಾಸ್ತಿ."

"ಹಾಗಲ್ಲ ಮೇಡಂ, ಹಲಗೆ ತಡೆದ್ರೂ ಗೋಡೆ ತಡೀಬೇಕಲ್ಲ. ಹೆಂಗಸ್ರು ಮೇಲಿಂದ ಬಿದ್ದು ಸೊಂಟ ಮುರ್ಕೊಂಡ್ರೆ ನನ್ನ ತಲೆಗೆ ಬರುತ್ತೆ."

ಅಷ್ಟರಲ್ಲಿ ದೊರೆಸಾನಿ ಬಾಲ ನೆಟ್ಟಗೆ ಮಾಡಿಕೊಂಡು ಒಳಕೋಣೆಯಿಂದ ಬಂದಳು. ಬೂದು ಮೈ, ಬಿಳಿ ಕಾಲು. ಬಡಗಿಯ ಚೀಲವನ್ನು ಮೂಸಿ, ಇದು ಆಗಬಹುದು ಎಂಬಂತೆ ಅದರ ಮೇಲೆ ಕುಳಿತಳು.

ಮನೆಯಾಕೆ ನಕ್ಕುಬಿಟ್ಟಳು. ತಂಗಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಹಾಗೆ ನಗು ಕೇಳಿಸಿದ್ದು ಅದೇ ಮೊದಲು. ಬಡಗಿಯೂ ನಕ್ಕ. ಬಾಯಿ ಕಾಣಲಿಲ್ಲ, ಕಣ್ಣಂಚಿನಲ್ಲಿ ಗೆರೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಅವಳು ಆ ಗೆರೆಗಳನ್ನು ನೋಡಿದಳು. ನೋಡಬಾರದಿತ್ತು.

ಅವಳದು ಹೊಲಿಗೆಯ ಕೆಲಸ. ಮಹಡಿಯ ಮೇಲೆ ಒಂದು ಹಾಲ್, ಒಂದು ಕೋಣೆ, ಕೈ ಚಾಚಿದರೆ ಮುಗಿದುಹೋಗುವ ಅಡುಗೆಮನೆ. ಸ್ಕೂಲ್ ಯೂನಿಫಾರ್ಮಿನ ರಾಶಿ, ಕಿಟಕಿಯ ಪಕ್ಕ ಮೆಷಿನ್ನು. ದೊರೆಸಾನಿ ನುಂಗಿಯಾಳೆಂಬ ಭಯಕ್ಕೆ ದಾರದ ಒಂದು ತುಂಡೂ ಹೊರಗಿರದಂತೆ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ಬೆಕ್ಕು ತಂಗಿಯದು. ಆಸ್ಪತ್ರೆಗೆ ಹೊರಟ ದಿನ ತಂಗಿ, "ನಾನು ಬರೋವರೆಗೂ ನೋಡ್ಕೋ ಅಕ್ಕ" ಅಂದಿದ್ದಳು. ಬರಲಿಲ್ಲ. ಬೆಕ್ಕು ಬಾಗಿಲ ಬಳಿ ಕೂತು ಅತ್ತಿತು, ಹೊಟ್ಟೆಯ ಕೂದಲನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತು. ಹತ್ತಲು ಎತ್ತರ, ನೋಡಲು ಏನಾದರೂ, ಆಡಲು ಯಾರಾದರೂ ಬೇಕು ಎಂದು ಪ್ರಾಣಿ ಡಾಕ್ಟರು ಹೇಳಿದ ಮೇಲೆ ಬಡಗಿಯನ್ನು ಕರೆಸಿದ್ದಳು.

ಒಂದು ಹಲಗೆ ಎಂದು ಬಂದವನು ಮತ್ತೆ ಮತ್ತೆ ಬಂದ. ಹಲಗೆಯಿಂದ ಹಲಗೆಗೆ ಮೆಟ್ಟಿಲು. ಉಗುರು ಕೆರೆಯಲು ಹಗ್ಗ ಸುತ್ತಿದ ಕಂಬ. ಅಡಗಿ ಕೂರಲು ಗೂಡು.

"ನಾನು ಗೂಡು ಹೇಳಿರಲಿಲ್ವಲ್ಲ ಮೇಸ್ತ್ರಿ?"

"ನೀವು ಹೇಳಿಲ್ಲ. ದೊರೆಸಾನಿಯವರ ಆರ್ಡರು."

ಪಕ್ಕದ ಮನೆಯ ಅಜ್ಜಿಗೆ ಎಲ್ಲವೂ ಕೇಳಿಸುತ್ತಿತ್ತು. "ಗೋಡೆಯೆಲ್ಲಾ ಹಲಗೆ ಆಯ್ತಲ್ಲಮ್ಮಾ! ಇನ್ನು ಆ ಮೇಸ್ತ್ರಿನ್ನೇ ಒಂದು ಮೊಳೆ ಹೊಡೆದು ನೇತುಹಾಕ್ಕೋ, ಓಡಾಟನಾದ್ರೂ ತಪ್ಪುತ್ತೆ."

ಅವಳ ಮುಖ ಕೆಂಪಾಯಿತು. ಬಡಗಿ ಮೊಳೆಯ ಮೇಲೆ ಹೊಡೆಯಬೇಕಾದ ಏಟನ್ನು ಹೆಬ್ಬೆರಳಿಗೆ ಹೊಡೆದುಕೊಂಡ.

ಆ ದಿನ ಚಹಾ ಕುಡಿಯಲು ಮಾಸ್ಕು ತೆಗೆದ. ದೊರೆಸಾನಿ ಅವನ ತೊಡೆಗೆ ಏರಿದಳು. ಅವಳು ಅವನ ಬೆರಳಿಗೆ ಬಟ್ಟೆ ಸುತ್ತಿದಳು. ಸುತ್ತಿ ಮುಗಿದ ಮೇಲೂ ಬೆರಳು ಅವಳ ಕೈಯಲ್ಲೇ ಇತ್ತು, ಇಬ್ಬರೂ ಅದನ್ನು ಗಮನಿಸದವರ ಹಾಗೆ ಬೆಕ್ಕನ್ನು ನೋಡುತ್ತಿದ್ದರು.

ಆಮೇಲೆ ಅವನು ಕೆಮ್ಮಿದ.

"ಏನಿದು?"

"ಮರದ ಪುಡಿ. ನಮ್ಮಪ್ಪನಿಗೂ ಇತ್ತು. ನಮ್ಮ ಮನೆತನದಲ್ಲಿ ಮಕ್ಕಳಿಗೆ ಬಿಟ್ಟುಹೋಗೋ ಆಸ್ತಿ ಅಂದ್ರೆ ಇದೊಂದೇ."

ತಿಂಗಳುಗಳು ಕಳೆದವು. "ಮೇಡಂ" ಹೋಗಿ "ನೀನು" ಬಂತು. ದೊರೆಸಾನಿಯ ಹೊಟ್ಟೆಯ ಮೇಲೆ ಹೊಸ ಕೂದಲು ಬಂತು. ಅವನ ಕೆಮ್ಮು ಮಾತ್ರ ಎದೆಯೊಳಗೆ ಇಳಿಯಿತು, ಉಸಿರಾಡುವಾಗ ಸಿಳ್ಳೆಯಂಥ ಸದ್ದು ಬರತೊಡಗಿತು.

"ಆ ಪುಡಿ ನಿನ್ನನ್ನ ತಿಂದುಹಾಕ್ತಿದೆ," ಅಂದಳು ಅವಳು. "ಬಿಟ್ಟುಬಿಡೋ ಆ ಕೆಲಸಾನ. ನಾನು ಒಬ್ಬಳನ್ನ ಕಳ್ಕೊಂಡಿದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಬಡಗಿಗೆ ಅದು ಮಾತಲ್ಲ, ಆಜ್ಞೆ. ಅಪ್ಪನ ಉಳಿ, ಅಪ್ಪನ ಕೀಸುಳಿ ಪಕ್ಕದ ಅಂಗಡಿಯವನ ಪಾಲಾದವು. ಅವನು ಫರ್ನಿಚರ್ ಶೋರೂಮಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಗಿರಾಕಿಗಳಿಗೆ ಸೋಫಾ ತೋರಿಸಲು ನಿಂತ.

"ಹೇಗಿದೆ ಹೊಸ ಕೆಲಸ?"

"ಮರದ ಬಣ್ಣ ಇದೆ, ಮರ ಇಲ್ಲ. ನನ್ನ ಹಾಗೇ." ಅಂದು ನಕ್ಕ. ಆ ಗೆರೆಗಳು ಬಿಚ್ಚಿಕೊಳ್ಳಲಿಲ್ಲ.

ಪುಡಿ ಹೋಯಿತಲ್ಲ, ಮಾಸ್ಕೂ ಹೋಯಿತು. ರಜೆಯ ದಿನಗಳೆಲ್ಲ ಅವಳ ಮನೆಯಲ್ಲೇ. ಅವಳು ಮೆಷಿನ್ನು ತುಳಿಯುತ್ತಿದ್ದಳು, ಅವನು ದಾರದ ಬದಲು ರಿಬ್ಬನ್ ಕಟ್ಟಿದ ಕೋಲು ಆಡಿಸುತ್ತಿದ್ದ, ದೊರೆಸಾನಿ ಹಲಗೆಯಿಂದ ಹಲಗೆಗೆ ಹಾರುತ್ತಿದ್ದಳು. ಮೂವರೂ ಅಷ್ಟು ಸುಖವಾಗಿ ಎಂದೂ ಇರಲಿಲ್ಲ. ಕೆಮ್ಮು ಯಾಕೆ ಹೆಚ್ಚಾಯಿತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಬೆಕ್ಕನ್ನು ಎದೆಯ ಮೇಲೆ ಮಲಗಿಸಿಕೊಂಡು ನಿದ್ದೆಹೋದವನು ಉಸಿರು ಸಿಗದೆ ಎದ್ದು ಕುಳಿತ. ತುಟಿ ನೀಲಿಗಟ್ಟಿತ್ತು. ಅಜ್ಜಿ ಓಡಿ ಆಟೋ ತಂದಳು.

ಆಸ್ಪತ್ರೆಯಲ್ಲಿ ಉಸಿರು ಮರಳಿದ ಮೇಲೆ ಡಾಕ್ಟರು ಕೇಳಿದರು. "ಮನೇಲಿ ಬೆಕ್ಕು ಇದೆಯಾ?"

ಅವನು ಅವಳ ಕಡೆ ನೋಡಲಿಲ್ಲ. "ಇಲ್ಲ ಡಾಕ್ಟ್ರೇ."

ಆಸ್ಪತ್ರೆಯವರು ಬಿಚ್ಚಿಸಿದ ಅವನ ಅಂಗಿ ಅವಳ ತೊಡೆಯ ಮೇಲಿತ್ತು. ಕಪ್ಪು ಬಟ್ಟೆಯ ತುಂಬಾ ಬೂದು ಕೂದಲು.

"ಇದೆ," ಅಂದಳು ಅವಳು.

ಬಾಗಿಲವರೆಗೆ ಬಂದು ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. "ಪರೀಕ್ಷೆ ಮಾಡ್ತೀವಿ, ಔಷಧಿ ಕೊಡ್ತೀವಿ. ಆದ್ರೆ ಇಷ್ಟು ಜೋರಾಗಿ ಬಂದ ಮೇಲೆ ಬೆಕ್ಕಿರೋ ಮನೇಲಿ ಅವರನ್ನ ಇಟ್ಕೋಬೇಡಿ. ಮುಂದಿನ ಸಲ ಇಲ್ಲೀವರೆಗೂ ಬರೋಕಾಗುತ್ತೋ ಇಲ್ವೋ." ಬೆಕ್ಕಿನ ಅಲರ್ಜಿ ಎಂದೇ ಪರೀಕ್ಷೆಯೂ ಹೇಳಿತು.

ದೊರೆಸಾನಿಯನ್ನು ಅಜ್ಜಿಯ ಮನೆಗೆ ಬಿಟ್ಟು ನೋಡಿದಳು. ಮಂಚದ ಕೆಳಗೆ ಸೇರಿದ ಬೆಕ್ಕು ಮೀನು ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಹೊಟ್ಟೆ ಮತ್ತೆ ಬೋಳಾಯಿತು. "ಇದು ನನ್ನ ಮನೇಲಿ ಸಾಯುತ್ತೆ ಕಣಮ್ಮಾ," ಅಂದಳು ಅಜ್ಜಿ. "ಆ ಪಾಪ ನನಗೂ ಬೇಡ, ನಿನಗೂ ಬೇಡ." ವಾಪಸು ತಂದಾಗ ದೊರೆಸಾನಿ ಅತ್ಯಂತ ಕೆಳಗಿನ ಹಲಗೆಗೂ ಹಾರಲಾರದೆ ಅವಳ ಕಾಲಿಗೆ ತಲೆ ಒತ್ತಿ ನಿಂತಳು.

ಹೊರಗೆ ಭೇಟಿಯಾಗಿ ನೋಡಿದರು. ಒಗೆದ ಬಟ್ಟೆ ಉಟ್ಟು, ತಲೆ ತೊಳೆದುಕೊಂಡು ಪಾರ್ಕಿಗೆ ಹೋದಳು. ಅವನ ಭುಜಕ್ಕೆ ತಲೆ ಇಟ್ಟ ಸ್ವಲ್ಪ ಹೊತ್ತಿಗೇ ಎದೆಯ ಸಿಳ್ಳೆ ಕೇಳಿಸಿತು. ಅವಳು ಸರಿದು ಬೆಂಚಿನ ಆ ತುದಿಗೆ ಕುಳಿತಳು.

"ನಾನು ಕಾಯ್ತೀನಿ," ಅಂದ ಅವನು. "ಬೆಕ್ಕಿಗೆ ಎಷ್ಟು ಆಯಸ್ಸು ಹೇಳು."

"ಏನಕ್ಕೆ ಕಾಯ್ತೀಯ? ಅವಳು ಸಾಯೋದಕ್ಕಾ?" ಅವಳು ಅವನ ಕಡೆ ತಿರುಗಿದಳು. "ದಿನಾ ಬೆಳಗ್ಗೆ ಎದ್ದು, ಇನ್ನೂ ಇದಾಳಲ್ಲ ಅಂತ ನೋಡ್ಲಾ? ಯಾವ ಕೈಲಿ ಅನ್ನ ಹಾಕ್ಲಿ ಅವಳಿಗೆ? ನನ್ನ ತಂಗಿ ಬಿಟ್ಟುಹೋಗಿದ್ದು ಅದೊಂದೇ ಜೀವ ಕಣೋ."

ಅವನು ಬೆಂಚಿನ ಮರವನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ.

"ಉಳಿ ವಾಪಸ್ ತಗೋ," ಅಂದಳು ಆಮೇಲೆ. "ಪುಡಿಯದೇನೂ ತಪ್ಪಿರಲಿಲ್ಲ. ನಿನ್ನ ಕೈಯಿಂದ ಅದನ್ನ ಕಿತ್ಕೊಂಡವಳು ನಾನು."

ಉಳಿ ಸಿಕ್ಕಿತು, ಕೆಲಸ ಸಿಕ್ಕಿದ್ದು ದೂರದ ಊರಿನಲ್ಲಿ. ಹೊರಡುವ ಹಿಂದಿನ ಸಂಜೆ ಬಾಗಿಲು ತಟ್ಟಿದ. ಮುಖಕ್ಕೆ ದಪ್ಪನೆಯ ಮಾಸ್ಕು, ಹೆಗಲ ಮೇಲೆ ಒಂದು ಹಲಗೆ.

"ಡಾಕ್ಟ್ರು..."

"ಮಾಸ್ಕಿದೆ. ಒಂದೇ ಕೆಲಸ, ಮುಗಿಸಿ ಹೋಗ್ತೀನಿ. ಅವಳನ್ನ ಕೋಣೇಲಿರಿಸು."

ಕಿಟಕಿಯ ಕೆಳಗೆ ಹಲಗೆ ಕೂರಿಸಿದ. ಕೆಳಗೆ ಕಬ್ಬಿಣದ ದಪ್ಪ ಆಧಾರಗಳನ್ನು ಕೊಟ್ಟ. ಅಂಚನ್ನು ಉಜ್ಜಿ ಉಜ್ಜಿ ಬೆಣ್ಣೆಯ ಹಾಗೆ ಮಾಡಿದ. ಅವಳು ಮೆಷಿನ್ನಿನ ಮುಂದೆ ಕುಳಿತಿದ್ದಳು, ಸೂಜಿಗೆ ದಾರ ಪೋಣಿಸಲು ಆಗಲೇ ಇಲ್ಲ.

"ಬೆಕ್ಕಿಗೆ ಇಷ್ಟು ಅಗಲ ಯಾಕೆ?"

ಅವನು ಹಲಗೆಯ ಮೇಲೆ ಎರಡೂ ಕೈಯೂರಿ, ಮೈಭಾರವೆಲ್ಲ ಹಾಕಿ ಒತ್ತಿ ನೋಡಿದ. "ಮೊದಲ ದಿನ ಹೆಂಗಸ್ರು ಕೂತ್ಕೊಳ್ತಾರೆ ಅಂದ್ಕೊಂಡಿದ್ದೆನಲ್ಲ? ಈಗ ಕೂತ್ಕೊಂಡ್ರೂ ಬೀಳಲ್ಲ. ತಡೆಯುತ್ತೆ."

ಅವಳಿಗೆ ಎದ್ದು ಅವನ ಹತ್ತಿರ ಹೋಗಬೇಕೆನಿಸಿತು. ಮೈಮೇಲಿನ ಬಟ್ಟೆಗೆ ಅಂಟಿದ ಬೆಕ್ಕಿನ ಕೂದಲು ನೆನಪಾಗಿ ಅಲ್ಲೇ ಉಳಿದಳು. ಮಾಸ್ಕಿನ ಮೇಲಿನ ಕಣ್ಣುಗಳು ಅವಳನ್ನು ನೋಡಿದವು. ಗೆರೆಗಳು ಬಿಚ್ಚಿಕೊಂಡವು, ಒದ್ದೆಯಾದವು.

"ನೀನು ಚೆನ್ನಾಗಿ ಉಸಿರಾಡ್ಬೇಕು, ಅಷ್ಟೇ. ಬೇರೇನೂ ಬೇಡ ನನಗೆ," ಅಂದಳು.

"ನಿನ್ನನ್ನ ನೋಡೋಕೆ ಮುಂಚೆ ಚೆನ್ನಾಗೇ ಉಸಿರಾಡ್ತಿದ್ದೆ. ಆದ್ರೆ ಯಾತಕ್ಕೆ ಅಂತ ಗೊತ್ತಿರಲಿಲ್ಲ." ಚೀಲ ಹೆಗಲಿಗೇರಿಸಿದ. "ಬರ್ತೀನಿ" ಅನ್ನಲಿಲ್ಲ.

ಅವಳು ಕೋಣೆಯ ಬಾಗಿಲು ತೆರೆದಳು. ದೊರೆಸಾನಿ ಹೊಸ ಮರವನ್ನು ಮೂಸಿ, ಇದು ಆಗಬಹುದು ಎಂಬಂತೆ ಹಾರಿ ಕುಳಿತಳು. ಕೆಳಗೆ ರಸ್ತೆ ದಾಟಿ ಅವನು ನಿಂತಿದ್ದ. ಮಾಸ್ಕು ತೆಗೆದು ಮುಖವೆತ್ತಿ ಮೇಲೆ ನೋಡಿದ. ಅಷ್ಟು ದೂರದಿಂದಲೂ ಅವನ ಎದೆ ಸಲೀಸಾಗಿ ಏರಿಳಿಯುವುದು ಕಂಡಿತು. ಅವಳು ಗಾಜಿಗೆ ಅಂಗೈಯೊತ್ತಿದಳು. ಬಸ್ಸೊಂದು ಅಡ್ಡ ಬಂತು. ಬಸ್ಸು ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಈಗ ಸಂಜೆಯಾದರೆ ದೊರೆಸಾನಿ ಅಲ್ಲೇ ಕೂರುತ್ತಾಳೆ, ಹೋಗಿ ಬರುವ ಜನರನ್ನು ನೋಡುತ್ತಾ. ಹೊಟ್ಟೆಯ ಕೂದಲು ಮತ್ತೆ ದಟ್ಟವಾಗಿದೆ.

"ಹೇಗಿದಾಳಮ್ಮಾ ನಿನ್ನ ಬೆಕ್ಕು?" ಗೋಡೆಯ ಆಚೆಯಿಂದ ಅಜ್ಜಿ ಕೇಳುತ್ತಾಳೆ.

"ಸುಖವಾಗಿದಾಳೆ ಅಜ್ಜಿ."

"ಮತ್ತೆ ನೀನು?"

ಅವಳು ದಾರವನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚುತ್ತಾಳೆ, ಹಲಗೆಯ ಮೇಲೆ ಬೆಕ್ಕಿನ ಪಕ್ಕ ಹತ್ತಿ ಕೂರುತ್ತಾಳೆ. ಹಲಗೆ ಅಲುಗುವುದಿಲ್ಲ.