ಅರಿಶಿನದ ಹೊಲದಲ್ಲಿ ಕೂಗಿದ ಹೆಸರು

"ಶ್! ಆ ಎಸ್ರು ಹೇಳ್ಬ್ಯಾಡಿ ಮೇಡಂ!"

ಬೆನ್ನ ಹಿಂದಿನಿಂದ ಬಂದ ಗಂಡಸಿನ ದನಿಗೆ ಶಿವರಂಜಿನಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಟಿಫಿನ್ ಬ್ಯಾಗು ಜಾರಿ ನೆಲಕ್ಕೆ ಬಿತ್ತು.

ಚಾಮರಾಜನಗರದ ಹುಡುಗಿ ಅವಳು. ಗುಂಡ್ಲುಪೇಟೆಯಿಂದಾಚೆ, ಕಾಡಂಚಿನ ಈ ಹಳ್ಳಿಯ ಶಾಲೆಗೆ ಕನ್ನಡ ಟೀಚರ್ ಆಗಿ ಬಂದ ಮೊದಲ ದಿನ. ಬಸ್ ಸ್ಟಾಪಿನಲ್ಲಿದ್ದ ಹೆಂಗಸನ್ನು "ಇಲ್ಲಿ ಹುಲಿ ಬರುತ್ತಂತೆ, ಹೌದಾ?" ಎಂದು ಕೇಳಿದ್ದಳು, ಅಷ್ಟೇ!

ಆ ಹೆಂಗಸು, ರಾಚಮ್ಮ, ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯೋ ಮಾದಪ್ಪಾ... ಸಂಜೆ ಹೊತ್ತಲ್ಲಿ ಹಿಂಗಾ ಅನ್ನೋದು ಕಣವ್ವಾ! ಇವನು ನನ್ನ ಮಗ ಶರತ್ತು, ಕೇಳು ಇವನ್ನೇ," ಎಂದಳು.

"ನಾವು 'ದೊಡ್ಡದು' ಅಂತೀವಿ ಮೇಡಂ," ಅಂದ ಶರತ್ ಬ್ಯಾಗು ಎತ್ತಿಕೊಡುತ್ತಾ. "ಎಸ್ರು ಹೇಳಿದ್ರೆ ಬಂದ್ಬುಡ್ತದೆ."

"ಹೆಸರು ಹೇಳಿದ್ರೆ ಬರುತ್ತಾ?"

"ಎಸ್ರು ಅನ್ನೋದು ಉಸ್ರಿಂದ ಬಂದದ್ದಲ್ವಾ? ಕೂಗಿದೋರ ಉಸ್ರು ಓಗಿ ಮುಟ್ಟಿ, ಕರ್ಕಂಡು ಬತ್ತದೆ. ನಮ್ ತಾತ ಹೇಳ್ತಿದ್ರು."

ನಗಬೇಕೆನಿಸಿತು. ಆದರೆ ಅವನ ಕಣ್ಣಲ್ಲಿ ಒಂಚೂರೂ ತಮಾಷೆ ಇರಲಿಲ್ಲ...

ಶಾಲೆಯಿಂದ ರಸ್ತೆಗೆ ಬರಲು ಅರಿಶಿನದ ಹೊಲಗಳ ನಡುವಿನ ಬದುವೇ ಹತ್ತಿರದ ದಾರಿ. ಎಲೆಗಳು ಸೊಂಟದವರೆಗೂ ಬೆಳೆದಿದ್ದವು. ಒಳಗೆ ಏನಿದ್ದರೂ ಕಾಣದು. ಪ್ರತಿ ಸಂಜೆ ಶರತ್ ಸ್ಟೀಲ್ ತಟ್ಟೆ ಬಡಿಯುತ್ತಾ ಅವಳ ಮುಂದೆ ನಡೆಯುತ್ತಿದ್ದ. ಸದ್ದು ಕೇಳಿದರೆ ದೊಡ್ಡದು ತಾನಾಗಿಯೇ ಸರಿದು ಹೋಗುತ್ತದಂತೆ.

ಅವಳ ಹೆಜ್ಜೆ ನಡುಗಿದಾಗಲೆಲ್ಲ ಅವನೊಂದು ಪದ ತೆಗೆಯುತ್ತಿದ್ದ.

"ಎದೆ ಅದುರ್ತದಲ್ಲ ಮೇಡಂ, ಅದ್ಕೇ ಅದು ಎದರಿಕೆ."

"ಹಾಗಾದ್ರೆ ನಿಮ್ಮ ದೊಡ್ಡದಕ್ಕೆ, ನೀವು ಹೇಳಬಾರದು ಅನ್ನೋ ಆ ಹೆಸರು ಹೇಗೆ ಬಂತು?"

"ಹುಲ್ಲಲ್ಲಿ ಅಡಗ್ತದಲ್ಲ, ಅದ್ಕೇ!" ಎಂದು ಪಿಸುಗುಟ್ಟುತ್ತಿದ್ದ.

ಓದಿಕೊಂಡವಳು ಅವಳು. ಆದರೂ ಅವನ ದನಿಯಲ್ಲಿ ಕೇಳಿದರೆ ಎಲ್ಲವೂ ನಿಜವೆನಿಸುತ್ತಿತ್ತು. ಮನಸ್ಸು ಯಾವಾಗ ಅವನ ಹಿಂದೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಆದರೆ ಒಂದು ದಿನವೂ ಅವನನ್ನು ಹೆಸರಿಟ್ಟು ಕರೆದಿರಲಿಲ್ಲ. 'ಕರೆದರೆ ಬಂದೇಬಿಡ್ತಾನೆ... ಬಂದ ಮೇಲೆ ಹೋಗಿಬಿಟ್ಟರೆ?' ಆ ಭಯ ಕಾಡಿನ ಭಯಕ್ಕಿಂತ ದೊಡ್ಡದಿತ್ತು.

ಚಾಮರಾಜನಗರದಲ್ಲಿ ಶಿಕ್ಷಕರ ತರಬೇತಿ ಇತ್ತು. ಮಕ್ಕಳಿಗೆ ಪದಗಳ ರುಚಿ ಹತ್ತಿಸುವುದು ಹೇಗೆ ಎಂದು ಕೇಳಿದಾಗ ಶಿವರಂಜಿನಿ ಉತ್ಸಾಹದಿಂದ ಎದ್ದು ನಿಂತು ಹುಲ್ಲಿನ ಕತೆ ಹೇಳಿಯೇಬಿಟ್ಟಳು.

ಇಡೀ ಹಾಲ್ ನಕ್ಕಿತು!

"ಹಾಗಾದ್ರೆ ಹುಲ್ಲು ತಿನ್ನೋ ದನಕ್ಕೆ ಏನಂತೀರಿ ಮೇಡಂ?" ಎಂದರು ತರಬೇತಿ ಕೊಡುತ್ತಿದ್ದವರು. "ಕನ್ನಡ ಟೀಚರೇ ಹಿಂಗಂದ್ರೆ ಹೆಂಗ್ರೀ!"

ಅವಳ ಕಿವಿ ಕಾದ ಹಂಚಿನಂತಾಯಿತು. 'ಬೇಕಂತಲೇ ನನ್ನನ್ನ ಪೆದ್ದಿ ಮಾಡಿದ...'

ಮರುದಿನ ಸಂಜೆ ಶಾಲೆಯ ಗೇಟಿನಲ್ಲಿ ಶರತ್ ನಿಂತಿದ್ದ. ಕೈಯಲ್ಲಿ ತಟ್ಟೆ, ಮುಖದಲ್ಲಿ ಗಾಬರಿ.

"ಇವತ್ತು ಬದುವಿನ ದಾರಿ ಬ್ಯಾಡ ಮೇಡಂ. ದೊಡ್ಡಮಲ್ಲಪ್ಪನ ಹೊಲದಲ್ಲಿ ಹೆಜ್ಜೆ ಕಂಡದೆ. ಸುತ್ಕಂಡು ಓಗನ."

"ಇದನ್ನೂ ನಿಮ್ಮ ತಾತನೇ ಹೇಳಿದ್ರಾ?"

"ಮೇಡಂ...?"

"ನಿಮ್ಮ ಕತೆ ನಂಬಿ ಎಲ್ಲರ ಮುಂದೆ ನಗೆಪಾಟಲಾದೆ ನಾನು! ಎಲ್ಲಾ ಸುಳ್ಳು! ಹುಲಿ! ಹುಲಿ! ಹುಲಿ! ಹೇಳಿದೆ, ಬಂತಾ?"

ಅವನ ಮುಖ ಬಿಳಿಚಿಕೊಂಡಿತು. "ಕೈ ಮುಗೀತೀನಿ, ಆ ಕಡೆ ಓಗ್ಬ್ಯಾಡಿ..."

"ಹಿಂದೆ ಬಂದ್ರೆ ಹೆಡ್‌ಮಾಸ್ಟರಿಗೆ ಹೇಳ್ತೀನಿ!"

ಕಣ್ಣೀರು ಒರೆಸಿಕೊಳ್ಳುತ್ತಾ ಬದುವಿಗೆ ಇಳಿದಳು.

ಅರ್ಧ ದಾರಿ ಬಂದಿರಬೇಕು. ಎಲ್ಲೋ ಬೊಗಳುತ್ತಿದ್ದ ನಾಯಿ ತಟ್ಟನೆ ಸುಮ್ಮನಾಯಿತು.

ನೀರು ಕಟ್ಟಿದ ಕೆಸರಲ್ಲಿ ಒಂದು ಹೆಜ್ಜೆ. ಅವಳ ಅಂಗೈಗಿಂತ ಅಗಲ. ಅದರೊಳಕ್ಕೆ ನೀರು ಇನ್ನೂ ಜಿನುಗುತ್ತಿತ್ತು...

ಅಂದರೆ, ಈಗಷ್ಟೇ!

ಗಾಳಿಯಿರಲಿಲ್ಲ. ಆದರೂ ಎಡಗಡೆ ಅರಿಶಿನದ ಎಲೆಗಳು ಅಲುಗಿದವು. ನಿಂತವು. ಮತ್ತೆ ಅಲುಗಿದವು, ಇನ್ನೂ ಹತ್ತಿರದಲ್ಲಿ.

ಎದೆ ಅದುರಿತು. ಪಂಡಿತರು ಏನೇ ಅನ್ನಲಿ, ಹೆದರಿಕೆ ಎಂಬ ಪದ ಎಲ್ಲಿಂದ ಬಂತೆಂದು ಆ ಕ್ಷಣ ಅವಳ ಮೈಗೆಲ್ಲ ಗೊತ್ತಾಯಿತು.

ಬಾಯಿ ತೆರೆದಳು. ಬರೀ ಉಸಿರು ಬಂತು.

'ಕೂಗಿದೋರ ಉಸ್ರು ಓಗಿ ಮುಟ್ತದೆ...'

"ಶರತ್..." ಅವಳಿಗೇ ಕೇಳಲಿಲ್ಲ. "ಶರತ್! ಶರತ್!"

ಠಣ್! ಠಣ್! ಠಣ್!

ಪಕ್ಕದ ಬದುವಿನಲ್ಲೇ! "ಓಡ್ಬ್ಯಾಡಿ! ಬೆನ್ನು ತೋರಿಸ್ಬ್ಯಾಡಿ! ನಾ ಬಂದೆ, ಇಲ್ಲೇ ಇವ್ನಿ!"

ಕೆಸರು ಹಾರಿಸುತ್ತಾ ಬಂದವನು ಅವಳಿಗೂ ಆ ಎಲೆಗಳಿಗೂ ನಡುವೆ ನಿಂತ. ತಟ್ಟೆ ಬಡಿಯುತ್ತಲೇ ಇದ್ದ. ಕಾಲುವೆಯಾಚೆ ಹಳದಿ ಕಪ್ಪಿನ ಬೆನ್ನೊಂದು ಮಿಂಚಿ, ಲಂಟಾನಾ ಪೊದೆಯೊಳಗೆ ಕರಗಿಹೋಯಿತು.

ಇಬ್ಬರೂ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ರಸ್ತೆಗೆ ಬಂದರು. ಮೋರಿಯ ಕಟ್ಟೆ ಮೇಲೆ ಕುಸಿದು ಕೂತಳು. ಹಿಡಿದಿದ್ದ ಅವನ ಅಂಗಿಯ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

"ಹೆಡ್‌ಮಾಸ್ಟರಿಗೆ ಹೇಳ್ತೀನಿ ಅಂದಿದ್ನಲ್ಲ... ಆದ್ರೂ ಯಾಕೆ ಬಂದ್ರಿ?"

"ಅವರು ಬೈದ್ರೆ ಬೈಸ್ಕಳನ ಅಂತ."

ಅಳುತ್ತಲೇ ನಕ್ಕಳು.

"ತಾತ ಹೇಳಿದ್ದು ನಿಜ ಅಂತ ನಾನೂ ನಂಬಿದ್ದೆ ಮೇಡಂ," ಅಂದ ಮೆಲ್ಲಗೆ. "ಮಿಕ್ಕಿದ್ದೆಲ್ಲ ನಾನೇ ಕಟ್ಟಿದ್ದು. ಪದದ ಮಾತು ತೆಗೆದ್ರೆ ನೀವು ಎದರಿಕೆ ಮರೆತು ನಡೀತಿದ್ರಿ. ಅದ್ಕೇ ದಿನಾ ಗುದ್ದಲಿ ಹಾಕ್ತಾ ಹಾಕ್ತಾ ಒಂದೊಂದು ಹುಡುಕ್ತಿದ್ದೆ. ನಿಮ್ಮನ್ನ ನೋಡಿ ಯಾರೋ ನಗ್ತಾರೆ ಅಂತ ಗೊತ್ತಿದ್ರೆ ಬಾಯೇ ಬುಡ್ತಿರ್ಲಿಲ್ಲ."

ದೂರದಲ್ಲಿ ಗುಂಡ್ಲುಪೇಟೆ ಬಸ್ಸಿನ ಹಾರನ್ ಕೇಳಿಸಿತು. ಹೇಳದೆ ಹತ್ತಿ ಹೋದರೆ ಇನ್ನೆಂದೂ ಹೇಳಲಾರಳು.

"ಶರತ್... ಪ್ರೀತಿ ಅನ್ನೋ ಪದ ಎಲ್ಲಿಂದ ಬಂತು?"

ಅವನು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎಲ್ಲಿಂದ ಬಂತೋ ಗೊತ್ತಿಲ್ಲ ಮೇಡಂ. ಯಾವತ್ತು ಬಂತು ಅನ್ನೋದು ಮಾತ್ರ ಗೊತ್ತು."

"ಯಾವತ್ತು?"

"ಬಸ್ ಸ್ಟಾಪಲ್ಲಿ ನಿಮ್ಮ ಟಿಫಿನ್ ಬ್ಯಾಗು ಬಿತ್ತಲ್ಲ... ಅವತ್ತು."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಸೀಟಿ ಊದಿದ. ಶಿವರಂಜಿನಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ನಾಳೆ ಗೇಟಿನ ಹತ್ತಿರ ಬಂದಾಗ ಮೇಡಂ ಅನ್ನಬೇಡಿ."

"ಮತ್ತೆ?"

"ಹೆಸರಿಟ್ಟು ಕೂಗಿ... ಬರ್ತೀನಿ."