ಬಾಯಿಕಟ್ಟು

"ಅದನ್ನ ಮುಟ್ಟಬ್ಯಾಡ ಮಂಗಳಾ. ಹಿಂದಿನ ಬಾಗ್ಲಿಂದ ಹೋಗಾಣ."

ಅಕ್ಕ ಯಶೋಧಾ ತಂಗಿಯ ಸೆರಗು ಹಿಡಿದೆಳೆದಳು. ಹೊಸದುರ್ಗದ ಕಲ್ಯಾಣ ಮಂಟಪದ ಹೊಸ್ತಿಲ ಮೇಲೆ, ಎಕ್ಕದೆಲೆಯಲ್ಲಿ, ಕುರಿಯ ನಾಲಿಗೆಯೊಂದು ಬಿದ್ದಿತ್ತು. ಅದರ ತುಂಬ ಜಾಲಿಮುಳ್ಳು ಚುಚ್ಚಿ, ಕಪ್ಪು ದಾರ ಸುತ್ತಿದ್ದರು.

"ಬಾಯಿ ಕಟ್ಟೋ ಮಾಟ ಕಣೇ. ನೀನು ಮಾತಾಡಬಾರ್ದು ಅಂತ ಇಟ್ಟವ್ರೆ."

ಹಿರಿಯೂರಿನ ಕೋರ್ಟಿನಲ್ಲಿ ಹೆಸರು ಮಾಡಿದ್ದ ವಕೀಲೆ ಮಂಗಳಾ ಪಕ್ಷ ಸೇರಿ ವರ್ಷವೂ ತುಂಬಿರಲಿಲ್ಲ. ಚುನಾವಣೆಯ ಟಿಕೆಟ್ ಯಾರಿಗೆಂದು ಅಂದು ಕಾರ್ಯಕರ್ತರೇ ಕೈಯೆತ್ತಿ ತೀರ್ಮಾನಿಸುವವರಿದ್ದರು. ಎದುರಾಳಿ ಪ್ರಭು, ಅಜ್ಜನ ಕಾಲದಿಂದ ರಾಜಕಾರಣ ಮಾಡಿದ ಮನೆಯವನು.

"ನನ್ನ ನಾಲಿಗೆಗೆ ಹೆದರ್ಯವ್ರೆ ಅಂದಂಗಾತು!" ಮಂಗಳಾ ನಕ್ಕು, ಎಲೆಸಮೇತ ಅದನ್ನು ಕಾಲಿನಿಂದ ಚರಂಡಿಗೆ ತಳ್ಳಿದಳು.

ಒಳಗೆ ಉಸಿರುಗಟ್ಟುವ ಸೆಕೆ. ಬಾಡಿದ ಮಲ್ಲಿಗೆ, ಬೆವರು, ಅಡುಗೆಮನೆಯ ಪಲಾವಿನ ಘಾಟು. ಯಶೋಧಾ ಮುಂದಿನ ಸಾಲಿನಲ್ಲಿ ಕುಳಿತಳು. ಪ್ರಭು ಮೊದಲು ಮಾತಾಡಿ, ಚಪ್ಪಾಳೆ ಗಿಟ್ಟಿಸಿ, ವೇದಿಕೆಯ ಕುರ್ಚಿಗೆ ಮರಳಿದ. ಆಮೇಲೆ ಅವನು ಮಂಗಳಾಳ ಬಾಯನ್ನೇ ನೋಡುತ್ತಿದ್ದ.

ಅವಳ ಹೆಸರು ಕೂಗಿದರು. ಮೈಕಿನ ಮುಂದೆ ನಿಂತಳು. "ಬಂಧುಗಳೇ" ಎನ್ನಲು ಹೋದಳು.

ನಾಲಿಗೆ ಏಳಲಿಲ್ಲ.

ಕೊಳೆತ ಮಾಂಸದ ನಾತ ಮೂಗಿಗಡರಿತು. ಅದು ಅವಳ ಬಾಯೊಳಗಿಂದಲೇ ಬರುತ್ತಿತ್ತು. ಏನೋ ಚುಚ್ಚಿತು. ಮತ್ತೆ ಚುಚ್ಚಿತು. ಬಿಸಿ ರಕ್ತ ಗಂಟಲಿಗಿಳಿಯಿತು. ಮೈಕಿನಲ್ಲಿ ಬರೀ ಗೊರಗೊರ ಸದ್ದು. ಯಾರೋ ಕಿಸಕ್ಕೆಂದರು.

"ಕುಂತ್ಕಳ್ರಿ ಮೇಡಂ!"

ಅಕ್ಕನನ್ನು ಹುಡುಕಿದಳು. ಕುರ್ಚಿ ಖಾಲಿ. ವೇದಿಕೆಯ ಪಕ್ಕದ ಕಿಟಕಿಯಾಚೆ, ಮುಂಬಾಗಿಲಿನಿಂದ ಹರಿದುಬಂದ ಚರಂಡಿಯ ಅಂಚಿಗೆ ಯಶೋಧಾ ಮಂಡಿಯೂರಿದ್ದಳು. ಕೆಸರಿನಿಂದ ಆ ನಾಲಿಗೆಯನ್ನು ಎತ್ತಿದಳು. ದಾರವನ್ನು ಹಲ್ಲಿನಿಂದ ಕಡಿದಳು. ಮುಳ್ಳನ್ನೂ ಹಲ್ಲಿನಿಂದಲೇ ಕಿತ್ತಳು.

ಅಲ್ಲಿ ಒಂದು ಮುಳ್ಳು ಬಂತು. ಇಲ್ಲಿ ನೋವು ಸಡಿಲಿತು. ಇನ್ನೊಂದು. ಇನ್ನೊಂದು. ಉಸಿರು ಬಂತು. ಮಾತು ಬಂತು.

ಮಂಗಳಾ ರಕ್ತ ನುಂಗಿಕೊಂಡು ಮಾತಾಡಿದಳು. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನಂಚಿನಲ್ಲಿದ್ದೂ ಬಾಯಾರಿದ ಊರುಗಳ ಪರವಾಗಿ ನೀರು ಕೇಳಿದಳು. ಮಂಟಪ ಗುಡುಗಿತು. ಕೈಗಳು ಎದ್ದವು. ಟಿಕೆಟ್ ಅವಳದಾಯಿತು.

ಕೊರಳಿಗೆ ಬಿದ್ದ ಹಾರ ಕಿತ್ತೆಸೆದು ಹೊರಗೋಡಿದಳು. "ಗೆದ್ದೆ ಕಣಕ್ಕಾ!"

ಯಶೋಧಾ ಗೋಡೆಗೊರಗಿ ಕುಳಿತಿದ್ದಳು. ತುಟಿ ಅಲುಗಿತು. ದನಿ ಬರಲಿಲ್ಲ. ಮಂಗಳಾ ಅವಳ ಗಲ್ಲ ಹಿಡಿದು ಬಾಯಿ ತೆರೆಸಿದಳು. ನಾಲಿಗೆ ಕಪ್ಪಿಟ್ಟು, ಒಣಗಿದ ತೊಗಲಿನಂತೆ ಮುದುಡಿಕೊಂಡಿತ್ತು.

"ಮಾತಾಡಕ್ಕಾ... ಏನಾರ ಅನ್ನಕ್ಕಾ..."

ಒಳಗೆ ನೂರಾರು ಬಾಯಿಗಳು ಮಂಗಳಾಳ ಹೆಸರನ್ನೇ ಕೂಗುತ್ತಿದ್ದವು. ಅಕ್ಕ ಅವಳ ತುಟಿಯಂಚಿನ ರಕ್ತವನ್ನು ಸೆರಗಿನಿಂದ ಒರೆಸಿ, ಬಾಗಿಲ ಕಡೆಗೆ ತಳ್ಳಿದಳು.