ಉಪ್ಪು ಕಾಣದ ಭಟ್ಟಿ

"ಏನ್ ಬೇಕಾದ್ರೂ ಮಾಡ್ಕೊಳ್ಳಿ ಬೇಟಾ, ಈ ಬೆಂಕಿಗೆ ಮಾತ್ರ ಉಪ್ಪು ಬೀಳ್ಬಾರ್ದು," ಎಂದು ಕೀಲಿಕೈ ಕೊಡುವಾಗ ಜೈಬುನ್ನೀಸಾ ಹೇಳಿದ್ದರು. ಅಲ್ಲಾಳಸಂದ್ರದ ಅವರ ಹಳೆಯ ಬೇಕರಿಯನ್ನು ಗದಗಿನ ವಿಜಯಕುಮಾರ ಬಾಡಿಗೆಗೆ ಹಿಡಿದ ದಿನವದು.

"ಯಾಕ್ರೀ ಅಮ್ಮಾ, ಬೆಂಕಿಗೂ ಬಿಪಿ ಐತೇನ್ರಿ?" ಎಂದು ಅವನು ನಕ್ಕ.

ಮುದುಕಿ ನಗಲಿಲ್ಲ. ತಮ್ಮ ಮಾವನಿಗೆ ಆಗದವರು ಮಾಟ ಮಾಡಿಸಿ ಮನೆಗೆ ಬಿಟ್ಟ ಬೆಂಕಿಯ ಜಿನ್ನು ಆ ಕಟ್ಟಿಗೆ ಭಟ್ಟಿಯೊಳಗಿದೆ ಎಂದರು. ಅದನ್ನು ಅಲ್ಲಿ ಕಟ್ಟಿಹಾಕಿದ ಫಕೀರ, ದಿನಾ ಮೊದಲ ಬನ್ನನ್ನು ಉಪ್ಪಿಲ್ಲದೆ ಸುಟ್ಟು ಅದಕ್ಕೇ ಹಾಕಬೇಕು, ಉಪ್ಪು ತಗುಲಿದರೆ ಕಟ್ಟು ಬಿಚ್ಚಿಹೋಗುತ್ತದೆ ಎಂದಿದ್ದನಂತೆ. ವಿಜಯಕುಮಾರ ತಲೆಯಾಡಿಸಿ ಹೊರಗೆ ಬಂದು, ಹೆಂಡತಿ ಪ್ರತಿಭಾಳ ಮುಂದೆ ಮುದುಕಿಯ ದನಿಯನ್ನು ಅಣಕಿಸಿ ತೋರಿಸಿದ. ಆದರೂ ಬನ್ನು ಹಾಕುವ ಕೆಲಸವನ್ನು ಪ್ರತಿಭಾ ತಪ್ಪಿಸಲಿಲ್ಲ. ಹಿರಿಯರ ಮಾತು ಮೀರುವುದು ಅವಳ ಜಾಯಮಾನವಲ್ಲ.

ಬೇರೆಯವರ ನಂಬಿಕೆ ಕಂಡು ನಗುವವರಿಗೆಲ್ಲ ತಮ್ಮದೊಂದು ಇದ್ದೇ ಇರುತ್ತದೆ. ಅದಕ್ಕೆ ಮಾತ್ರ ಪದ್ಧತಿ ಎಂದು ಹೆಸರಿಟ್ಟುಕೊಂಡಿರುತ್ತಾರೆ. ವಿಜಯಕುಮಾರನ ಪದ್ಧತಿ ದೃಷ್ಟಿ ತೆಗೆಯುವುದು. ಒಂದು ಸಂಜೆ ಪುಟ್ಟ ಮಗಳು ಗಂಗಾ ರಚ್ಚೆ ಹಿಡಿದು ಅಳತೊಡಗಿದಳು. ಹೊಸ ಲಂಗ ತೊಟ್ಟು ಅಂಗಡಿಯ ಮುಂದೆ ನಿಂತಿದ್ದವಳ ಕೆನ್ನೆಯನ್ನು ಬಂದ ಗಿರಾಕಿಗಳೆಲ್ಲ ಹಿಂಡಿ ಹೋಗಿದ್ದರು. ಪ್ರತಿಭಾ ಯಲಹಂಕಕ್ಕೆ ಹೋಗಿದ್ದಳು. ಅವನು ಮಗುವನ್ನು ಎತ್ತಿಕೊಂಡು ಒಳಗೆ ನಡೆದ, ಉಪ್ಪು ಮತ್ತು ಒಣಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳ ಸುತ್ತ ನಿವಾಳಿಸಿದ, ಕೆಟ್ಟ ಕಣ್ಣೆಲ್ಲ ಸುಟ್ಟುಹೋಗಲಿ ಎನ್ನುತ್ತ ಭಟ್ಟಿಗೆ ಎಸೆದ. ಮುದುಕಿಯ ಮಾತು ಅವನಿಗೆ ನೆನಪಾಗಲೇ ಇಲ್ಲ.

ಉಪ್ಪು ಚಟಪಟ ಎನ್ನಲಿಲ್ಲ. ಮೆಣಸಿನ ಘಾಟು ಏಳಲಿಲ್ಲ. ದೃಷ್ಟಿ ಜೋರಾಗಿಯೇ ತಗುಲಿತ್ತು ಎಂದುಕೊಂಡ. ಅಷ್ಟರಲ್ಲಿ ಕಟ್ಟಿಗೆಯ ಸದ್ದು ನಿಂತಿತು. ಹೊಗೆಯೂ ನಿಂತಿತು. ಬಲ್ಬು ಆರಿತು. ಕಾದ ಕಬ್ಬಿಣದ ವಾಸನೆ ಮೂಗಿಗೆ ಅಡರಿತು. ಉರಿ ಮಾತ್ರ ಭಟ್ಟಿಯ ಬಾಯಿಂದ ಹೊರಬಂದು ಆಳೆತ್ತರಕ್ಕೆ ಎದ್ದು ನಿಂತಿತ್ತು, ಒಂದಿಷ್ಟೂ ಅಲುಗದೆ. ಅದರ ಬೆಳಕು ಯಾವ ಗೋಡೆಯ ಮೇಲೂ ಬೀಳುತ್ತಿರಲಿಲ್ಲ.

"ಗಂಗಾ," ಎಂದು ಅದು ಕರೆಯಿತು. ಅವನದೇ ದನಿ.

ಮಗುವಿನ ಅಳು ನಿಂತಿತು. ಪಾದ ತಣ್ಣಗಾಯಿತು. ಮೊಣಕಾಲು. ಹೊಟ್ಟೆ. ವಿಜಯಕುಮಾರ ಕಿರುಚಿಕೊಂಡ. ಹಿತ್ತಲ ಮನೆಯಿಂದ ಜೈಬುನ್ನೀಸಾ ಓಡಿಬಂದರು. ದೃಷ್ಟಿ ತೆಗೆದೆ ಎಂದು ಅವನು ತೊದಲಿದ. ಮುದುಕಿ ಗೋಡೆ ಹಿಡಿದುಕೊಂಡರು.

"ಮಗು ಸುತ್ತ ಸುತ್ತಿಸಿ ಕೊಟ್ರಾ? ಮಗೂನೇ ಕೊಟ್ಟಂಗಾಯ್ತಲ್ಲ, ಬೇಟಾ."

"ಏನರ ಮಾಡ್ರಿ ಅಮ್ಮಾ. ಕಾಲಿಗೆ ಬೀಳ್ತೀನಿ."

"ನಾನ್ ಮಾಡಿದ್ರೆ ಕೇಳಲ್ಲ, ಹೆತ್ತೋರೇ ಆಗ್ಬೇಕು. ನೆಟಿಗೆ ಮುರೀರಿ. ಇದರದ್ದೆಲ್ಲ ನಂಗೆ ಬರ್ಲಿ ಅಂತ ಬಾಯ್ಬಿಟ್ಟು ಹೇಳಿ. ಬಂದಿದ್ದು ಮತ್ತೆ ಹೋಗಲ್ಲ, ತಿಳ್ಕೊಂಡು ಹೇಳಿ."

ತಿಳಿದುಕೊಳ್ಳಲು ಪುರುಸೊತ್ತೆಲ್ಲಿತ್ತು? ಮಗಳ ತುಟಿ ನೀಲಿಗಟ್ಟಿತ್ತು. ಅವಳನ್ನು ಮುದುಕಿಯ ತೋಳಿಗೆ ಕೊಟ್ಟ. ಎರಡೂ ಅಂಗೈಯನ್ನು ಅವಳ ಕೆನ್ನೆಗೆ ಸವರಿದ. ತನ್ನ ಕಪಾಲಕ್ಕೆ ಒತ್ತಿದ. ಇದರದ್ದೆಲ್ಲ ನನಗೆ ಬರಲಿ, ಎಂದ. ಬೆರಳುಗಳ ನೆಟಿಗೆ ಲಟಲಟ ಮುರಿಯಿತು. ಉರಿ ತಿರುಗಿತು. ಅವನನ್ನು ನೋಡಿತು. ಬಂತು. ಬೆರಳಿಗೆ. ಮೊಣಕೈಗೆ. ಎದೆಯೊಳಗೆ.

ಭಟ್ಟಿಯಲ್ಲಿ ಬರೀ ಬೂದಿ ಉಳಿಯಿತು. ಮಗು ಅತ್ತಿತು. ಆ ಅಳು ಕೇಳಿ ಅವನ ಜೀವಕ್ಕೆ ಎಷ್ಟು ಹಾಯೆನಿಸಿತೆಂದರೆ, ಕಣ್ಣೀರು ಒರೆಸಲು ಕೈ ಚಾಚಿಯೇಬಿಟ್ಟ. ಬೆರಳು ತಾಗಿದಲ್ಲಿ ಚರ್ಮ ಸುಟ್ಟು ಬೊಬ್ಬೆ ಎದ್ದಿತು. ಜೈಬುನ್ನೀಸಾ ಮಗುವನ್ನು ಕಸಿದುಕೊಂಡು ಹಿಂದೆ ಸರಿದರು.

ಈಗ ಬೇಕರಿ ಮುಚ್ಚಿದೆ. ಗಂಗಾಳ ಕೆನ್ನೆಯ ಗಾಯ ಮಾಗಿದೆ. ಮೊದಮೊದಲು ನಿದ್ದೆ ಬಂದಾಗ ಅವಳು, "ಅಪ್ಪಾ, ಎತ್ಗೋ," ಎಂದು ಎರಡೂ ಕೈ ಎತ್ತಿಕೊಂಡು ಬರುತ್ತಿದ್ದಳು. ವಿಜಯಕುಮಾರ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, ಗೋಡೆಗೆ ಒತ್ತಿ ನಿಂತು, ಆಚೆ ಹೋಗು ಎಂದು ಗದರುತ್ತಿದ್ದ. ಅಪ್ಪನಿಗೆ ತಾನು ಬೇಡವಾಗಿದ್ದೇನೆ ಎಂದುಕೊಂಡು ಅವಳು ಈಚೆಗೆ ಕೇಳುವುದನ್ನೇ ಬಿಟ್ಟಿದ್ದಾಳೆ.